ಪೈಪಿನ ತುದಿ ಯಾವ ಸಬ್ಜೆಕ್ಟು?

ಕುದುರೆಮುಖದ ಪೈಪ್‌ಲೈನ್ ಬಗ್ಗೆ ಕೇಳದವರು ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲ. ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ, ಘಟ್ಟ ಇಳಿಸಿ, 67 ಕಿಲೋಮೀಟರ್ ದೂರದ ಮಂಗಳೂರಿಗೆ ಪೈಪಿನಲ್ಲೇ ಕಳಿಸುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತೇ ಹೋಯಿತು. ಆದರೂ ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ಸ್ಲರಿ ಅನ್ನೋ ಶಬ್ದ ಬಂದ ಕೂಡಲೇ ಯಾರಾದರೊಬ್ಬರು ಆ ಪೈಪನ್ನು ನೆನಪಿಸಿಯೇ ತೀರುತ್ತಾರೆ. ಹೆಮ್ಮೆ ಇರಲಿ, ತಪ್ಪೇನಿಲ್ಲ. ಈ ಲೇಖನ ಮಾತ್ರ ಎರಡಿಂಚು ಪೈಪಿನದು. ಅದೂ ಇಡೀ ಪೈಪಲ್ಲ, ಅದರ ತುದಿಯ ಮೂರಿಂಚು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಈ ಗುಡ್ಡಗಳಲ್ಲಿ ಬಾಯಿಗೆ ಹೋಗುವ ಎಷ್ಟು ಪದಾರ್ಥ ರಬ್ಬರ್ ಪೈಪಿನೊಳಗಿಂದ ಹಾದು ಬರುತ್ತದೆ ಅಂತ ಒಮ್ಮೆ ಯೋಚಿಸಿ ನೋಡಿ. ಹಾಲು ಬಲ್ಕ್ ಕೂಲರಿನಿಂದ ಟ್ಯಾಂಕರಿಗೆ ಏರೋದು ಪೈಪಿನಲ್ಲಿ. ಪಲ್ಪರ್ ಹೌಸಿನಲ್ಲಿ ಪಾರ್ಚ್‌ಮೆಂಟ್ ತೊಳೆಯೋ ನೀರು ಬರೋದು ಪೈಪಿನಲ್ಲಿ. ಪ್ರವಾಸಿಗರಿಗೆಂದು ಬಾಟಲಿ ತುಂಬುವ ಕೋಲ್ಡ್ ಬ್ರೂ ಕಾಫಿ, ಪುನರ್ಪುಳಿ ಶರಬತ್ತು, ಶುಂಠಿ ಸಿರಪ್ಪು, ಎಲ್ಲವೂ ಡ್ರಮ್ಮಿನಿಂದ ಪಂಪಿಗೆ, ಪಂಪಿನಿಂದ ಬಾಟಲಿಗೆ ಹೋಗೋದು ಪೈಪಿನಲ್ಲೇ. ಕಳಸದ ಕಡೆಯ ಮನೆಗಳಿಗೆ ಗುಡ್ಡದ ಅಬ್ಬಿ ನೀರು ಒಂದು ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಹರಿದು ಬರ್ತಿತ್ತು. ಈಗ ಅದಕ್ಕೂ ಕಪ್ಪು ಪೈಪು.

ಈ ಪೈಪುಗಳಲ್ಲಿ ಹೊಟ್ಟೆ ಕೆಡೋದು ಕಡಿಮೆ. ಕೆಡೋದು ತುದಿ. ರಬ್ಬರು ಸ್ಟೀಲಿಗೆ ಸೇರುವ ಜಾಗ. ನಮ್ಮ ಅಭಿಪ್ರಾಯ ಇಷ್ಟೇ: ತಿನ್ನೋ ಕುಡಿಯೋ ಪದಾರ್ಥ ಹಾಯುವ ಪೈಪಿನ ತುದಿಯನ್ನು ಒಂದೋ ಅಳತೆ ಮಾಡಿ ಸರಿಯಾಗಿ ಕ್ರಿಂಪ್ ಮಾಡಬೇಕು, ಇಲ್ಲವೇ ದಿನಾ ಬಿಚ್ಚಿ ತೊಳೆಯಬೇಕು. ಇವೆರಡರ ಮಧ್ಯೆ ಇರೋದು, ಅಂದರೆ ಒಮ್ಮೆ ಕ್ಲಿಪ್ ಬಿಗಿದು ಎರಡು ವರ್ಷ ಮರೆತುಬಿಡೋದು, ನಡೆಯಬಾರದು. ಅದನ್ನು ಸರಿ ಮಾಡುವ ಕೆಲಸಕ್ಕೆ ನಮ್ಮ ಕಾಲೇಜಿನ ವರ್ಕ್‌ಶಾಪ್ ಇಳಿಯಬೇಕು.

ಕಳೆದ ಸೆಮಿಸ್ಟರ್‌ನಲ್ಲಿ ನಾವು ಐದು ಜನ ಮೂಡಿಗೆರೆ ಕಡೆಯ ಒಂದು ಸಣ್ಣ ಪಾನೀಯ ಘಟಕಕ್ಕೆ ಹೋಗಿದ್ದೆವು. ಹೆಸರು ಬೇಡ. ಮನೆಯ ಹಿಂದಿನ ಶೆಡ್ಡಿನಲ್ಲಿ ಅಕ್ಕ ಒಬ್ಬರು ಇಬ್ಬರು ಹೆಂಗಸರನ್ನಿಟ್ಟುಕೊಂಡು ಕೋಲ್ಡ್ ಬ್ರೂ ಮತ್ತು ಪುನರ್ಪುಳಿ ಬಾಟಲಿ ತುಂಬುತ್ತಾರೆ. ಪುನರ್ಪುಳಿಯದ್ದು ಏನೂ ತಕರಾರಿಲ್ಲ, ಕಾಫಿಯದ್ದೇ ತಲೆನೋವು. ಬೆಳಿಗ್ಗೆ ತುಂಬಿದ ಮೊದಲ ಮೂವತ್ತು ನಲವತ್ತು ಬಾಟಲಿಗಳಲ್ಲಿ ನಾಲ್ಕನೇ ದಿನಕ್ಕೆ ಹುಳಿ ವಾಸನೆ. ಆಮೇಲೆ ತುಂಬಿದವು ಚೆನ್ನಾಗೇ ಇರ್ತವೆ. ಅವರು ಬಾಟಲಿ ಕುದಿಸಿದ್ದಾರೆ, ಫಿಲ್ಟರ್ ಬದಲಿಸಿದ್ದಾರೆ, ನೀರು ಟೆಸ್ಟ್ ಮಾಡಿಸಿದ್ದಾರೆ, ಕಾಫಿ ಕೊಡುವ ಎಸ್ಟೇಟಿನ ರೈಟರ್ ಜೊತೆ ಜಗಳವನ್ನೂ ಆಡಿ ಮುಗಿಸಿದ್ದಾರೆ.

ಮೊದಲ ಬಾಟಲಿಗಳು ಮಾತ್ರ ಕೆಡುತ್ತವೆ ಅನ್ನೋದೇ ಸುಳಿವು. ರಾತ್ರಿಯಿಡೀ ಎಲ್ಲೋ ನಿಂತದ್ದು ಬೆಳಿಗ್ಗೆ ಮೊದಲು ಹೊರಗೆ ಬರ್ತಿದೆ. "ಅಕ್ಕ, ಈ ಕ್ಲಿಪ್ ಯಾವಾಗ ಬಿಚ್ಚಿದ್ದು?" ಅಂತ ಕೇಳಿದ್ವಿ. "ಅದನ್ನ ಯಾಕೆ ಬಿಚ್ಚಬೇಕಪ್ಪ, ಲೀಕೇ ಇಲ್ವಲ್ಲ" ಅಂದರು. ಬಿಚ್ಚಿದೆವು. ಪೈಪಿನೊಳಗೆ ಕ್ಲಿಪ್ಪಿನ ಪಟ್ಟಿ ಒತ್ತಿದ್ದ ಜಾಗ ಬೆಳ್ಳಗೆ, ಸ್ವಚ್ಛ. ಅದರಿಂದಾಚೆ ನಿಪ್ಪಲ್ಲಿನ ತುದಿವರೆಗೆ ಬೆರಳಿಗಂಟುವ ಕಂದು ಲೋಳೆ, ಒಂದು ಉಂಗುರದ ಹಾಗೆ. ವಾಸನೆ ಬಗ್ಗೆ ಬರೆಯೋದು ಬೇಡ, ಊಟದ ಹೊತ್ತಿಗೆ ಇದನ್ನು ಓದುವವರೂ ಇರ್ತೀರಿ.

ಲೀಕ್ ಇಲ್ಲ ಅಂದರೆ ಜಾಯಿಂಟ್ ಸರಿಯಾಗಿದೆ ಅನ್ನೋದು ನೀರಿನ ಪೈಪಿನ ನ್ಯಾಯ. ಸ್ಪ್ರಿಂಕ್ಲರ್ ಪೈಪಿಗೆ, ಬೋರ್ಡೋ ಮದ್ದು ಹೊಡೆಯುವ ಪೈಪಿಗೆ ಅದು ಸಾಕು. ಆಹಾರದ ಪೈಪು ಎರಡು ಪರೀಕ್ಷೆ ಪಾಸಾಗಬೇಕು: ಒಳಗಿದ್ದದ್ದು ಹೊರಗೆ ಹೋಗಬಾರದು, ಮತ್ತು ಒಳಗಿದ್ದದ್ದು ಒಳಗೇ ಅಡಗಿ ಕೂರಬಾರದು. ಮೊದಲನೆಯದು ಕಣ್ಣಿಗೆ ಕಾಣುತ್ತೆ. ಎರಡನೆಯದು ಕಾಣಲ್ಲ, ಅದಕ್ಕೇ ಅದನ್ನು ಯಾರೂ ಪರೀಕ್ಷಿಸೋದಿಲ್ಲ.

ಕ್ಲಿಪ್ಪಿನಲ್ಲಿ ಅಡಗುವ ಜಾಗ ಹೇಗೆ ಹುಟ್ಟುತ್ತೆ ನೋಡಿ. ಸ್ಕ್ರೂ ತಿರುಗಿಸಿ ಬಿಗಿಯುವ ಮಾಮೂಲಿ ಹೋಸ್ ಕ್ಲಿಪ್ಪಿನ ಪಟ್ಟಿ ಸುಮಾರು 12 ಮಿಲಿಮೀಟರ್ ಅಗಲ. ಒತ್ತಡವೆಲ್ಲ ಆ ಪಟ್ಟಿಯಡಿಯಲ್ಲೇ. ಅದರಲ್ಲೂ ಸ್ಕ್ರೂ ಕೂತ ಗೂಡಿನ ಕೆಳಗೆ ಒತ್ತಡ ಸಮನಾಗಿ ಬೀಳೋದಿಲ್ಲ. ಪೈಪಿನೊಳಗೆ ಹೋದ ನಿಪ್ಪಲ್ಲು ಐವತ್ತು ಮಿಲಿಮೀಟರ್ ಉದ್ದ ಇದ್ದರೆ ಉಳಿದ ಮುಕ್ಕಾಲು ಭಾಗ ಉದ್ದಕ್ಕೂ ರಬ್ಬರು ಸ್ಟೀಲಿನ ಮೇಲೆ ಸುಮ್ಮನೆ ಒರಗಿಕೊಂಡಿರುತ್ತದೆ. ಪಂಪು ಶುರುವಾದಾಗ ರಬ್ಬರು ಕೂದಲೆಳೆಯಷ್ಟು ಹಿಗ್ಗುತ್ತೆ, ದ್ರವ ನುಗ್ಗುತ್ತೆ. ಪಂಪು ನಿಂತಾಗ ರಬ್ಬರು ಕುಗ್ಗುತ್ತೆ, ನುಗ್ಗಿದ್ದರಲ್ಲಿ ಅರ್ಧ ಅಲ್ಲೇ ಉಳಿಯುತ್ತೆ. ಇದು ಸಾಲದೆಂಬಂತೆ ಪೈಪನ್ನು ಕತ್ತರಿಸಿದ ಬಾಯಿಯಲ್ಲಿ ರಬ್ಬರಿನ ನಡುವಿನ ಬಟ್ಟೆಯ ಪದರ ತೆರೆದುಕೊಂಡಿರುತ್ತದೆ. ಜಾಯಿಂಟಿನಲ್ಲಿ ಸೋರಿ ಬಂದ ಹಾಲೋ ಕಾಫಿಯೋ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಆ ಪದರದೊಳಕ್ಕೆ ಏರಿಬಿಟ್ಟರೆ ಅದನ್ನು ತೊಳೆಯುವ ದಾರಿಯೇ ಇಲ್ಲ.

ಹಾಗೆ ಉಳಿದ ಒಂದು ಮಿಲಿಲೀಟರಿನಲ್ಲಿ ಸಾವಿರ ಬ್ಯಾಕ್ಟೀರಿಯಾ ಇವೆ ಅಂದುಕೊಳ್ಳಿ. ಬೆಚ್ಚಗಿನ ರಾತ್ರಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಹತ್ತು ಗಂಟೆಯಲ್ಲಿ ಇಪ್ಪತ್ತು ಸಲ ಇಮ್ಮಡಿ. ಎರಡರ ಇಪ್ಪತ್ತನೇ ಘಾತ ಹತ್ತು ಲಕ್ಷ ದಾಟುತ್ತದೆ, ಅಂದರೆ ಸಾವಿರ ಇದ್ದದ್ದು ನೂರು ಕೋಟಿ. ಆಹಾರ ಮುಗಿದು, ಹುಳಿ ಹೆಚ್ಚಾಗಿ ಬೆಳವಣಿಗೆ ನಡುವೆಯೇ ನಿಧಾನವಾಗುತ್ತೆ, ಮಲೆನಾಡಿನ ತಣ್ಣನೆ ರಾತ್ರಿ ಇನ್ನೂ ನಿಧಾನ ಮಾಡುತ್ತೆ, ಒಪ್ಪಿದೆವು. ಗಂಟೆಗೊಮ್ಮೆ ಇಮ್ಮಡಿ ಅಂತ ಹಿಡಿದರೂ ಸಾವಿರ ಹತ್ತು ಲಕ್ಷವಾಗುತ್ತದೆ.

"ಬಿಸಿ ನೀರು ಕಾಸ್ಟಿಕ್ ಬಿಟ್ಟರೆ ಆಯ್ತಲ್ಲ" ಅನ್ನುವವರಿಗೆ ಇನ್ನೊಂದು ಲೆಕ್ಕ. ಡೈರಿಗಳಲ್ಲಿ ಪೈಪು ಬಿಚ್ಚದೆ ಒಳಗೊಳಗೇ ತೊಳೆಯುವಾಗ ದ್ರಾವಣ ಸೆಕೆಂಡಿಗೆ ಸುಮಾರು 1.5 ಮೀಟರ್ ವೇಗದಲ್ಲಾದರೂ ಓಡಬೇಕು ಅಂತ ಪಾಲಿಸುತ್ತಾರೆ. 51 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಆ ವೇಗ ಬರಬೇಕಾದರೆ ಗಂಟೆಗೆ 11,000 ಲೀಟರ್ ತಳ್ಳುವ ಪಂಪು ಬೇಕು. ಸಣ್ಣ ಘಟಕದಲ್ಲಿ ಗಂಟೆಗೆ 3,000 ಲೀಟರಿನ ಪಂಪಿದ್ದರೆ ವೇಗ 0.4 ಮೀಟರ್. ಅದು ಪೈಪಿನ ನಡುವೆ ನೆಮ್ಮದಿಯಾಗಿ ಹರಿದು ಹೋಗುತ್ತೆ, ಸಂದಿಗೆ ಕೈ ಹಾಕೋದಿಲ್ಲ. ಮೇಲಾಗಿ ಅಂಗಡಿಯಲ್ಲಿ ಸಿಗೋ ಪಾರದರ್ಶಕ ಪಿವಿಸಿ ಪೈಪು 60 ಡಿಗ್ರಿಗೇ ಮೆತ್ತಗಾಗುತ್ತದೆ. ಕಾಸ್ಟಿಕ್ ತೊಳೆತ ನಡೆಯಬೇಕಾದ್ದು 70 ರಿಂದ 80 ಡಿಗ್ರಿಯಲ್ಲಿ. ದೊಡ್ಡ ಡೈರಿ ತನ್ನ ತಪ್ಪನ್ನು ಪಂಪಿನ ಬಲದಿಂದ ಒಂದಷ್ಟು ತೊಳೆದುಕೊಳ್ಳಬಹುದು. ಸಣ್ಣವರಿಗೆ ಆ ಸೌಕರ್ಯ ಇಲ್ಲ. ಹಾಗಾಗಿ ಸಂದಿಯೇ ಇಲ್ಲದ ಜಾಯಿಂಟು ದೊಡ್ಡವರಿಗಿಂತ ಸಣ್ಣವರಿಗೇ ಹೆಚ್ಚು ಬೇಕು.

ಇನ್ನು "ಹೇಗೂ ಕಾಯಿಸ್ತೀವಲ್ಲ" ಅನ್ನೋ ಮಾತು. ಹಾಲಿನ ವಿಷಯದಲ್ಲಿ ಇದನ್ನು ಎಲ್ಲರೂ ಹೇಳ್ತಾರೆ. 2000ನೇ ಇಸವಿಯಲ್ಲಿ ಜಪಾನಿನ ಸ್ನೋ ಬ್ರ್ಯಾಂಡ್ ಕಂಪನಿಯ ಹಾಲು ಕುಡಿದು 13,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಮೂಲ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಹೊಕ್ಕೈಡೋದ ಒಂದು ಕಾರ್ಖಾನೆಯಲ್ಲಿ ಕರೆಂಟು ಹೋಗಿ, ಹಾಲು ಕೆಲ ಗಂಟೆ ಬೆಚ್ಚಗೆ ನಿಂತುಬಿಟ್ಟ ಒಂದು ದಿನ. ಅಷ್ಟರಲ್ಲಿ ಸ್ಟ್ಯಾಫಿಲೋಕಾಕಸ್ ಬೆಳೆದು ವಿಷ ಬಿಟ್ಟಿತ್ತು. ಆಮೇಲೆ ಕಾಯಿಸಿದಾಗ ಬ್ಯಾಕ್ಟೀರಿಯಾ ಸತ್ತವು, ವಿಷ ಸಾಯಲಿಲ್ಲ. ಆ ವಿಷಕ್ಕೆ ಪಾಶ್ಚರೀಕರಣದ 72 ಡಿಗ್ರಿ, 15 ಸೆಕೆಂಡು ಯಾವ ಲೆಕ್ಕಕ್ಕೂ ಇಲ್ಲ. ಅಲ್ಲಿ ಆದದ್ದು ಪೈಪಿನ ತುದಿಯಿಂದಲ್ಲ, ಆದರೆ ಬೆಚ್ಚಗೆ ನಿಂತ ಹಾಲು ಏನು ಮಾಡಬಲ್ಲದು ಅನ್ನೋದು ಗೊತ್ತಾಗುತ್ತೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳಲಾಗದ ಊರಲ್ಲಿ ಕೂತು ಈ ಕಥೆ ಓದಬೇಕು. ಕೋಲ್ಡ್ ಬ್ರೂ ಅಂತೂ ಕಾಯಿಸುವ ಪದಾರ್ಥವೇ ಅಲ್ಲ. ಅದರ ಪಿಎಚ್ 5ರ ಆಸುಪಾಸು. ಪುನರ್ಪುಳಿ ತನ್ನ ಹುಳಿಯಿಂದ ತನ್ನನ್ನು ತಾನೇ ಒಂದಿಷ್ಟು ಕಾಯ್ದುಕೊಳ್ಳುತ್ತೆ, ಕಾಫಿಗೆ ಆ ಕವಚವಿಲ್ಲ. ಅಕ್ಕನ ಘಟಕದಲ್ಲಿ ಒಂದು ಕೆಟ್ಟು ಇನ್ನೊಂದು ಉಳಿದದ್ದು ಇದಕ್ಕೇ.

ಹಾಗಂತ ಪುನರ್ಪುಳಿಯವರು ನಿಶ್ಚಿಂತರಾಗಿ ಇರೋ ಹಾಗೂ ಇಲ್ಲ. ನಮ್ಮಲ್ಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಿಪ್ಪಲ್ ಕೇಳಿದರೆ ಕೈಗೆ ಬರೋದು ಹಿತ್ತಾಳೆಯದ್ದು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಬಾರದು ಅಂತ ಅಜ್ಜಿಯಂದಿರಿಗೆ ಗೊತ್ತಿತ್ತು. ಹುಣಸೆಹಣ್ಣಿನಲ್ಲಿ ದೀಪ ಉಜ್ಜಿದರೆ ಫಳಫಳ ಹೊಳೆಯೋದು ಹುಳಿ ಅದರ ಮೈಯನ್ನು ಒಂದಿಷ್ಟು ಕರಗಿಸುವುದರಿಂದಲೇ. ಅದೇ ಹಿತ್ತಾಳೆಯ ಮೇಲೆ ದಿನಕ್ಕೆ ಇನ್ನೂರು ಲೀಟರ್ ಮುರುಗಲು ರಸ ಹರಿಸುವಾಗ ಮಾತ್ರ ನಮಗದು ನೆನಪಾಗೋದಿಲ್ಲ. ತುದಿ 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ಆಗಿರಬೇಕು, ಒಳಮೈ ನಯವಾಗಿರಬೇಕು. ಡೈರಿ ಸಾಮಾನಿಗೆ ಅಮೆರಿಕದ 3-ಎ ಮಾನದಂಡ ಕೇಳುವ ಒರಟುತನದ ಮಿತಿ 0.8 ಮೈಕ್ರಾನ್. ರಬ್ಬರಿಗೂ ಜಾತಿ ಇದೆ: ಹಾಲಿನ ಕೊಬ್ಬಿಗೆ ನೈಟ್ರೈಲ್ ಒಗ್ಗುತ್ತೆ, ಇಪಿಡಿಎಂ ಒಗ್ಗಲ್ಲ. ಬಿಸಿನೀರು ಕಾಸ್ಟಿಕ್‌ಗೆ ಇಪಿಡಿಎಂ ಗಟ್ಟಿ.

ಸರಿ, ಕ್ರಿಂಪಿಂಗ್ ಅಂದರೇನು? ಎತ್ತಿನಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕೋದನ್ನು ಕೇಳಿರುತ್ತೀರಿ. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಸುತ್ತಲೂ ಒಂದೇ ಸಮ ಅಪ್ಪಿಕೊಳ್ಳುತ್ತದೆ. ಕ್ರಿಂಪಿಂಗ್ ಅದರ ಬೆಂಕಿಯಿಲ್ಲದ ತಮ್ಮ. ಪೈಪಿನೊಳಗೆ ಸ್ಟೀಲಿನ ಸ್ಟೆಮ್, ಹೊರಗೆ ಫೆರುಲ್ ಅನ್ನೋ ಸ್ಟೀಲಿನ ಬಳೆ. ಸುತ್ತ ನಿಂತ ಡೈಗಳು, ಸಾಮಾನ್ಯವಾಗಿ ಎಂಟು, ಹೈಡ್ರಾಲಿಕ್ ಬಲದಿಂದ ಒಟ್ಟಿಗೇ ಒಳಕ್ಕೆ ಸರಿದು ಆ ಬಳೆಯನ್ನು ಶಾಶ್ವತವಾಗಿ ಕುಗ್ಗಿಸುತ್ತವೆ. ರಬ್ಬರು ಸ್ಟೆಮ್ಮಿನ ಉದ್ದಕ್ಕೂ ಅದುಮಿಕೊಂಡು ಕೂರುತ್ತೆ. ಮುಖ್ಯವಾದ ಜಾಗ ಸ್ಟೆಮ್ಮಿನ ಒಳತುದಿ. ಹಾಲು ರಬ್ಬರಿನಿಂದ ಸ್ಟೀಲಿಗೆ ದಾಟುವುದು ಅಲ್ಲಿ. ಅಲ್ಲಿ ರಬ್ಬರು ಸ್ಟೀಲಿನ ಅಂಚನ್ನು ಬಿಗಿಯಾಗಿ ಮುಚ್ಚಿದ್ದರೆ ಜಾಯಿಂಟು ಆಹಾರಕ್ಕೆ ಯೋಗ್ಯ, ಇಲ್ಲದಿದ್ದರೆ ಅದೂ ಕ್ಲಿಪ್ಪಿನ ಅಣ್ಣನೇ, ದುಡ್ಡು ಜಾಸ್ತಿ ಅಷ್ಟೇ.

ಎಷ್ಟು ಕುಗ್ಗಿಸಬೇಕು ಅನ್ನೋದು ನಮ್ಮಂಥವರ ಕೆಲಸ. ಒಂದು ಉದಾಹರಣೆ ತಗೊಳ್ಳಿ. ಸ್ಟೆಮ್ಮಿನ ಹೊರವ್ಯಾಸ 51 ಮಿಲಿಮೀಟರ್, ಪೈಪಿನ ಗೋಡೆ 8, ಫೆರುಲ್ ಗೋಡೆ 2. ರಬ್ಬರನ್ನು 30 ಶೇಕಡಾ ಅದುಮಬೇಕು ಅಂತ ಪೈಪಿನ ತಯಾರಕರು ಹೇಳಿದ್ದಾರೆ ಅಂತಿಟ್ಟುಕೊಳ್ಳಿ. ಎಂಟರ ಗೋಡೆ 5.6 ಆಗಬೇಕು. ಹಾಗಾದರೆ ಕ್ರಿಂಪ್ ಆದ ಮೇಲೆ ಹೊರವ್ಯಾಸ 51 + 11.2 + 4 = 66.2. ಫೆರುಲ್ ಕುಗ್ಗುವಾಗ ತುಸು ದಪ್ಪಗಾಗುತ್ತೆ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಈಗ ಅದೇ 66.2ಕ್ಕೆ ಡೈ ಸೆಟ್ ಮಾಡಿಟ್ಟು, ಗೋಡೆ 8.5 ಇರುವ ಪೈಪು ತುರುಕಿ. ಅದುಮಿದ ಪ್ರಮಾಣ 34 ಶೇಕಡಾ. ಗೋಡೆ 7.5 ಇರುವ ಪೈಪಾದರೆ 25 ಶೇಕಡಾ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರಿನಲ್ಲಿ ಇಷ್ಟು ಅಂತರ. ಹೆಚ್ಚಾದರೆ ಒಳರಬ್ಬರು ಹರಿಯುತ್ತೆ, ಇಲ್ಲವೇ ತೆಳ್ಳಗಿನ ಸ್ಟೆಮ್ಮೇ ಒಳಕ್ಕೆ ಕುಸಿದು ಬೋರ್ ಕಿರಿದಾಗುತ್ತೆ, ಅಲ್ಲೊಂದು ಹೊಸ ಮೂಲೆ ಹುಟ್ಟುತ್ತೆ. ಕಡಿಮೆಯಾದರೆ ಬಿಸಿ ತಣ್ಣನೆ ನಾಲ್ಕಾರು ಸಲ ಆಗುವಷ್ಟರಲ್ಲಿ ಸಂದಿ ಬಿಡುತ್ತೆ. ಹಾಗಾಗಿ ಪ್ರತಿ ಪೈಪಿನ ಗೋಡೆಯನ್ನು ಅಳೆಯಬೇಕು, ಕ್ರಿಂಪ್ ಆದ ಮೇಲೆ ವರ್ನಿಯರ್ ಹಿಡಿದು ಸುತ್ತ ನಾಲ್ಕು ಕಡೆ ನೋಡಬೇಕು, ಒಳಗೆ ಪ್ಲಗ್ ಗೇಜ್ ಹಾಯಿಸಿ ಸ್ಟೆಮ್ ಕುಸಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಎರಡನೇ ವರ್ಷದ ಮೆಟ್ರಾಲಜಿ ಲ್ಯಾಬಿನಲ್ಲಿ ನಾವು ಯಾರಿಗೂ ಬೇಡದ ಒಂದು ಮೆಟ್ಟಿಲು ಮೆಟ್ಟಿಲಿನ ಕಬ್ಬಿಣದ ತುಂಡನ್ನು ಮೂವತ್ತು ಸಲ ಅಳೆದೆವಲ್ಲ, ಆ ಕೈಚಳಕಕ್ಕೆ ಒಂದು ಗತಿ ಕಾಣಿಸೋಣ ಅಂತ.

ಬಲದ ಲೆಕ್ಕವೂ ಸಣ್ಣದಲ್ಲ. 51 ಮಿಲಿಮೀಟರ್ ಪೈಪಿನಲ್ಲಿ 3 ಬಾರ್ ಒತ್ತಡ ಇದ್ದರೆ ತುದಿಯನ್ನು ಕಿತ್ತೆಸೆಯಲು ಹೊರಟ ಬಲ ಸುಮಾರು 613 ನ್ಯೂಟನ್, ಅಂದರೆ 62 ಕಿಲೋ. ಐವತ್ತು ಕಿಲೋದ ಕಾಫಿ ಮೂಟೆಗೂ ಮೇಲೆ. ಗುಡ್ಡದಿಂದ 30 ಮೀಟರ್ ಇಳಿಜಾರಿನಲ್ಲಿ ಬರುವ ನೀರಿಗೆ ಪಂಪೇ ಇಲ್ಲದೆ ಅಷ್ಟು ಒತ್ತಡ ಇರುತ್ತೆ. ಅದನ್ನು ಸೈಕಲ್ ಟ್ಯೂಬಿನ ಪಟ್ಟಿ, ಬೈಂಡಿಂಗ್ ವೈರಿನಲ್ಲಿ ಹಿಡಿದು ನಿಲ್ಲಿಸುವ ನಮ್ಮೂರಿನವರ ಕೈಗೆ ನಮಸ್ಕಾರ. ಆದರೆ 80 ಡಿಗ್ರಿ ಕಾಸ್ಟಿಕ್ ಓಡುವಾಗ ಪೈಪು ಕಳಚಿ ಮುಖಕ್ಕೆ ಹೊಡೆದರೆ ಬರೀ ನಮಸ್ಕಾರದಲ್ಲಿ ಮುಗಿಯಲ್ಲ.

ಇಷ್ಟಕ್ಕೆ ಬರುವ ಆಕ್ಷೇಪಣೆಗಳಲ್ಲಿ ಮೊದಲನೆಯದು, ರೆಡಿಮೇಡ್ ಸಿಗುತ್ತಲ್ಲ ಅನ್ನೋದು. ಸಿಗುತ್ತೆ, ಬೆಂಗಳೂರಿನಲ್ಲಿ. ಆದರೆ ಒಂದು ತುದಿಗೆ ಟ್ರೈಕ್ಲೋವರ್ ಕ್ಲಾಂಪು, ಇನ್ನೊಂದಕ್ಕೆ ನಮ್ಮ ಡೈರಿಗಳಲ್ಲಿ ಬಳಕೆಯಲ್ಲಿರುವ ಎಸ್‌ಎಂಎಸ್ ಯೂನಿಯನ್ನು, ಉದ್ದ ಮೂರೂವರೆ ಮೀಟರು ಅಂದರೆ ಅದನ್ನು ಮಾಡಿಸಿ ತರಿಸಬೇಕು. ಮಧ್ಯೆ ಹಳೆಯದು ಹೋದರೆ? 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಈ ಕಡೆಯ ಜನ ಎಷ್ಟು ದಿನ ಯಾವ್ಯಾವುದಕ್ಕೆ ಕಾದರು ಅಂತ ಮೂಡಿಗೆರೆಯ ಗೆಳೆಯರನ್ನು ಕೇಳಿ. ಕಾಯುವ ಹೊತ್ತಿನಲ್ಲಿ ಬರೋದೇ ಕ್ಲಿಪ್ಪು. ತಾತ್ಕಾಲಿಕವಾಗಿ ಅಂತ ಬಂದದ್ದು ಖಾಯಂ ಆಗಿ ನಿಲ್ಲುತ್ತೆ.

ಜೆಸಿಬಿ, ಟ್ರ್ಯಾಕ್ಟರ್ ಹೋಸ್ ಪ್ರೆಸ್ ಮಾಡುವ ಅಂಗಡಿಗಳು ಇವೆಯಲ್ಲ, ಅವರೇ ಮಾಡಲಿ ಅನ್ನೋದು ಎರಡನೆಯದು. ಇದರಲ್ಲಿ ಅರ್ಧ ಸತ್ಯ ಇದೆ. ಆ ಅಂಗಡಿಯ ಅಣ್ಣಂದಿರ ಕೈ ನಮ್ಮದಕ್ಕಿಂತ ಸಾವಿರ ಪಾಲು ಮೇಲು. ಮೆಷಿನ್ನೂ ಮೂಲತಃ ಅದೇ. ಆದರೆ ಹೈಡ್ರಾಲಿಕ್ ಹೋಸಿನ ತಂತಿ ಹೆಣೆದ ಗೋಡೆಗೂ ಹಾಲಿನ ಪೈಪಿನ ಮೆತ್ತನೆ ಗೋಡೆಗೂ ಅಳತೆ ಬೇರೆ. ಎಣ್ಣೆ ಮೆತ್ತಿದ ಬೆಂಚಿನ ಮೇಲೆ ಆಹಾರದ ಪೈಪು ಮಲಗಿಸಬಾರದು. ಕಬ್ಬಿಣದ ಧೂಳು ಸ್ಟೇನ್‌ಲೆಸ್ ಮೇಲೆ ಕೂತರೆ ಅದೇ ತುಕ್ಕಿಗೆ ಬೀಜ. ಸ್ಟೆಮ್ ಸಲೀಸಾಗಿ ಇಳಿಯಲಿ ಅಂತ ಗ್ರೀಸ್ ಹಚ್ಚೋದು ಅಲ್ಲಿ ರೂಢಿ, ಇಲ್ಲಿ ಶುದ್ಧ ನೀರಿಗಿಂತ ಆಚೆ ಹೋಗಬಾರದು. ಬೇರೆ ಡೈ ಸೆಟ್, ಬೇರೆ ಬೆಂಚು, ಒಂದು ಅಳತೆ ಪುಸ್ತಕ, ಇಷ್ಟಿದ್ದರೆ ಅವರಿಗಿಂತ ಚೆನ್ನಾಗಿ ಮಾಡುವವರು ಸಿಗಲ್ಲ. ಕಾಲೇಜಿನವರು ಅಂಗಡಿಗೆ ಪೈಪೋಟಿ ಕೊಡಬೇಕಿಲ್ಲ, ಜೊತೆಗೆ ಕೂತರೆ ಸಾಕು.

"ಇದಕ್ಕೆಲ್ಲ ಇಂಜಿನಿಯರ್ ಬೇಕಾ, ಫಿಟ್ಟರ್ ಸಾಕು" ಅನ್ನೋದನ್ನು ನಮ್ಮ ಹಾಸ್ಟೆಲ್ಲಿನಲ್ಲೇ ಕೇಳಿದ್ದೇವೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಬೆಂಗಳೂರಿನಿಂದ ಕಿಟ್ ತರಿಸಿ, ಸೆನ್ಸರ್ ಹಚ್ಚಿ, ಮೊಬೈಲಿನಲ್ಲಿ ಹಾಲಿನ ಉಷ್ಣತೆ ತೋರಿಸೋದು ಇಂಜಿನಿಯರಿಂಗು, ಆ ಹಾಲು ಹಾಯುವ ಜಾಯಿಂಟು ನೋಡೋದು ಕೂಲಿ ಕೆಲಸ ಅನ್ನೋ ಈ ಎಣಿಕೆ ನಮಗೆ ಒಪ್ಪಿಗೆಯಿಲ್ಲ. ವರ್ಗೀಸ್ ಕುರಿಯನ್ ಮೆಕ್ಯಾನಿಕಲ್ ಓದಿದವರು. ಆಣಂದಕ್ಕೆ ಹೋದ ಹೊಸತರಲ್ಲಿ ಅವರು ಹಾಲಿನ ಸಂಘದ ಹಳೇ ಯಂತ್ರಗಳ ರಿಪೇರಿಗೆ ಕೈ ಹಾಕಿದವರೇ. ಸಿಲಬಸ್ಸಿನಲ್ಲಿ ಫ್ಲ್ಯಾಂಜ್ ಜಾಯಿಂಟಿಗೆ ಬೋಲ್ಟ್ ಎಣಿಸುವ ಲೆಕ್ಕ ಇದೆ. ಹಾಲು ನಿಲ್ಲುವ ಸಂದಿಯ ಲೆಕ್ಕ ನಾವು ಓದಿದ ಯಾವ ಪೇಪರಿನಲ್ಲೂ ಬಂದಿಲ್ಲ.

ಸರ್ಕಾರದ ಕಡೆಯಿಂದ ದಾರಿ ಇಲ್ಲವೆಂದಲ್ಲ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಯಂತ್ರದ ವೆಚ್ಚದಲ್ಲಿ 35 ಶೇಕಡಾ, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ಇದೆ. 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳ 4ನೇ ಅನುಸೂಚಿ ಸ್ವಚ್ಛತೆಯ ಬಗ್ಗೆ ಪುಟಗಟ್ಟಲೆ ಹೇಳುತ್ತೆ. ಆದರೆ ಸಬ್ಸಿಡಿ ಕೊಟೇಶನ್ನಿನಲ್ಲಿ ಪಾಶ್ಚರೈಸರ್, ಫಿಲ್ಲರ್, ಟ್ಯಾಂಕು ಇರ್ತವೆ. ಅವನ್ನು ಒಂದಕ್ಕೊಂದು ಸೇರಿಸುವ ಪೈಪು "ಆಕ್ಸೆಸರಿ" ಅನ್ನೋ ಕೊನೆಯ ಸಾಲಿನಲ್ಲಿ. ಲಕ್ಷಗಟ್ಟಲೆ ಬೆಲೆಯ ಎರಡು ಯಂತ್ರಗಳ ಮಧ್ಯೆ ಮೂವತ್ತು ರೂಪಾಯಿಯ ಕ್ಲಿಪ್ಪು ಕೂತಿರೋದು ಹೀಗೆ.

ಇಲ್ಲೇ ಒಂದು ಮಾತು ಕ್ಲಿಪ್ಪಿನ ಪರವಾಗಿಯೂ ಹೇಳಬೇಕು. ದಿನಾ ಸಂಜೆ ಬಿಚ್ಚಿ, ಬ್ರಷ್ ಹಾಕಿ, ಕುದಿವ ನೀರಿನಲ್ಲಿ ಅದ್ದಿ ಒಣಗಿಸುವ ಕ್ಲಿಪ್ಪಿನ ಜಾಯಿಂಟು, ಮೂರು ವರ್ಷ ಯಾರೂ ತಿರುಗಿ ನೋಡದ ಕ್ರಿಂಪಿಗಿಂತ ಒಳ್ಳೆಯದು. ಕ್ರಿಂಪನ್ನು ಬಿಚ್ಚಲಾಗುವುದಿಲ್ಲ, ಅದೇ ಅದರ ಗುಣ, ಅದೇ ದೋಷ. ಅದರೊಳಗೆ ರಬ್ಬರು ಬಿರುಕು ಬಿಟ್ಟರೆ ಹೊರಗಿನಿಂದ ಗೊತ್ತಾಗಲ್ಲ. ಆದ್ದರಿಂದ ಪ್ರತಿ ಪೈಪಿಗೂ ಮಾಡಿದ ತಾರೀಕಿನ ಬಿಲ್ಲೆ ಇರಬೇಕು, ಅವಧಿ ಮುಗಿದರೆ ತುದಿಯನ್ನು ಕತ್ತರಿಸಿ ಎಸೆಯಬೇಕು. ದಿನಕ್ಕೆ ಇಪ್ಪತ್ತು ಲೀಟರಿನವರಿಗೆ ಕ್ರಿಂಪೂ ಬೇಡ, ಕ್ಲಿಪ್ಪೂ ಬೇಡ. ಸ್ಟೀಲ್ ಕೊಳಗದಲ್ಲಿ ಎತ್ತಿ ಹೊಯ್ಯಲಿ.

ಮತ್ತೆ ನಮ್ಮ ಹವೆಯ ಪೆಟ್ಟು. ಆಷಾಢದಲ್ಲಿ ಇಲ್ಲಿ ಬೂಟಿನೊಳಗೇ ಬೂಷ್ಟು ಬೆಳೆಯುತ್ತೆ, ಪೈಪು ಬಿಟ್ಟೀತೇ. ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ ಪೈಪಿನ ಪ್ರತಿ ಸುತ್ತಿನ ತಳದಲ್ಲೂ ಒಂದು ಲೋಟ ನೀರು ನಿಲ್ಲುತ್ತೆ. ನಡು ಮೇಲಕ್ಕೆ, ಎರಡೂ ಬಾಯಿ ಕೆಳಕ್ಕೆ ಬರುವ ಹಾಗೆ ಅರ್ಧಚಂದ್ರದ ಕಮಾನಿನ ಮೇಲೆ ಹಾಕಬೇಕು. ಬಸಿದ ಮೇಲೆ ಬಾಯಿಗೆ ಮುಚ್ಚಳ, ಇಲಿ ಜಿರಲೆಗಳಿಗೆ ಒಳ್ಳೇ ಸುರಂಗ ಮಾಡಿಕೊಟ್ಟ ಹಾಗಾಗಬಾರದು. ಮದ್ದು ಹೊಡೆಯುವ ಪೈಪು ಮತ್ತು ಆಹಾರದ ಪೈಪು ಒಂದೇ ಶೆಡ್ಡಿನಲ್ಲಿ ಇರಲೇಬಾರದು. ಇದಕ್ಕೆ ಯಾವ ಮೆಷಿನ್ನೂ ಬೇಡ.

ಕಾಲೇಜಿನಿಂದ ನಾವು ಕೇಳ್ತಿರೋದು ದೊಡ್ಡದಲ್ಲ. ವರ್ಕ್‌ಶಾಪಿನ ಒಂದು ಮೂಲೆಯಲ್ಲಿ ಕ್ರಿಂಪರ್ ಒಂದು, ಅದಾಗದಿದ್ದರೆ ಹೋಸ್ ಅಂಗಡಿಯವರ ಜೊತೆ ತಿಂಗಳಿಗೆರಡು ಶನಿವಾರದ ಒಪ್ಪಂದ. ಪ್ಲಗ್ ಗೇಜುಗಳನ್ನು ನಮ್ಮ ಲೇತಿನಲ್ಲೇ ತಿರುಗಿಸಬಹುದು. ಒತ್ತಡ ಪರೀಕ್ಷೆಗೆ ಕೈಪಂಪು, ಅದೂ ನೀರಿನಲ್ಲೇ, ಬಳಕೆಯ ಒತ್ತಡದ ಒಂದೂವರೆ ಪಟ್ಟು. ಗಾಳಿಯಲ್ಲಿ ಬೇಡ, ಜಾಯಿಂಟು ಸೋತರೆ ನೀರು ಚಿಮ್ಮಿ ನಿಲ್ಲುತ್ತೆ, ಗಾಳಿ ತುದಿಯನ್ನೇ ಗುಂಡಿನ ಹಾಗೆ ಹಾರಿಸುತ್ತೆ. ಒಂದು ಪುಸ್ತಕ: ಯಾವ ಪೈಪು, ಗೋಡೆ ಎಷ್ಟು, ಕ್ರಿಂಪ್ ಆದ ಮೇಲೆ ವ್ಯಾಸ ಎಷ್ಟು, ಗೇಜ್ ಹಾಯಿತೇ, ಪರೀಕ್ಷೆಯ ಒತ್ತಡ, ತಾರೀಕು, ಅಳೆದವರ ಸಹಿ. ಸರ್ಟಿಫಿಕೇಟ್ ಕೊಡುವ ಅಧಿಕಾರ ನಮಗಿಲ್ಲ, ಕೊಟ್ಟ ಹಾಗೆ ನಟಿಸಲೂಬಾರದು. ಅಳೆದದ್ದನ್ನು ಬರೆದು ಕೊಡೋಣ, ಅಷ್ಟೇ.

ಪ್ರಾಜೆಕ್ಟ್ ಹುಡುಕ್ತಿರುವ ಆರನೇ ಸೆಮಿಸ್ಟರಿನವರಿಗೆ ಒಂದು ತಯಾರು ವಿಷಯವೂ ಇದರಲ್ಲಿದೆ. ಒಂದೇ ಪೈಪಿನ ತುಂಡುಗಳಿಗೆ ಕೆಲವಕ್ಕೆ ಕ್ಲಿಪ್ಪು, ಕೆಲವಕ್ಕೆ 25, 30, 35 ಶೇಕಡಾ ಕ್ರಿಂಪು ಹಾಕಿ. 80 ಡಿಗ್ರಿ ನೀರು, ಆಮೇಲೆ ತಣ್ಣೀರು, ಹೀಗೆ ಐವತ್ತು ಸಲ, ನೂರು ಸಲ ಹಾಯಿಸಿ. ಕೆಮಿಸ್ಟ್ರಿ ಲ್ಯಾಬಿನ ಮೆಥಿಲೀನ್ ಬ್ಲೂ ತುಂಬಿಸಿ ಒತ್ತಡದಲ್ಲಿ ರಾತ್ರಿಯಿಡೀ ಬಿಡಿ. ಹಾಲು ಕೆಟ್ಟಿದೆಯಾ ಅಂತ ನೋಡಲು ಡೈರಿಗಳಲ್ಲಿ ಬಳಸೋದೂ ಇದೇ ನೀಲಿಯನ್ನ. ಬೆಳಿಗ್ಗೆ ಜಾಯಿಂಟನ್ನು ಉದ್ದುದ್ದ ಸೀಳಿ, ನೀಲಿ ಎಷ್ಟು ಮಿಲಿಮೀಟರ್ ಒಳಗೆ ಹೋಗಿದೆ ಅಂತ ಅಳೆದು ಗ್ರಾಫ್ ಹಾಕಿ. ಕೊಂಡು ತಂದ ಪ್ರಾಜೆಕ್ಟಿನಲ್ಲಿ ಎಕ್ಸ್‌ಟರ್ನಲ್ ಎದುರು ಬೆವರುವ ಕಷ್ಟ ಇದರಲ್ಲಿ ಇರಲ್ಲ, ಸೀಳಿದ ತುಂಡನ್ನು ಅವರ ಕೈಗೆ ಕೊಟ್ಟರೆ ಆಯ್ತು.

ಅರೇಬಿಕಾ ಕೊಯ್ಲು ನವೆಂಬರಿಗೆ ಶುರು. ಅಷ್ಟರೊಳಗೆ ಒಂದು ಶನಿವಾರ ನೋಡಿಕೊಳ್ಳೋಣ. ಮೊದಲು ಮಾಡುವ ಹತ್ತು ತುದಿಗಳು ಯಾವ ಘಟಕಕ್ಕೂ ಹೋಗೋದು ಬೇಡ. ಹತ್ತನ್ನೂ ಹ್ಯಾಕ್ಸಾದಲ್ಲಿ ಸೀಳಿ, ಕ್ಯಾಂಟೀನಿನ ಹೊರಗಿನ ಕಟ್ಟೆ ಮೇಲೆ ಸಾಲಾಗಿ ಇಡ್ತೀವಿ. ನೀಲಿ ಎಲ್ಲಿಯವರೆಗೆ ಹತ್ತಿದೆ ಅಂತ ಬಂದು ನೋಡಿ.